ವರ್ಷದ ಕೊನೆಯಲ್ಲಿ ಇಡೀ ಸಭೆ ಕೂಡಿ ಆತ್ಮಪರಿಶೀಲನೆ ಮಾಡಿ ನಿರ್ಧಾರ ಕೈಗೊಳ್ಳುವುದು ಹೇಗೆ?

ಪ್ರಶ್ನೆ: ಸಭೆಯ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನಮ್ಮದು ಸಿ.ಎಸ್.ಐ.ಗೆ, ಅಂದರೆ ದಕ್ಷಿಣ ಭಾರತ ಸಭೆಗೆ, ಸೇರಿದ ಒಂದು ಚಿಕ್ಕ ಸಭೆ. ದಾಖಲೆ ಪುಸ್ತಕದಲ್ಲಿ 42 ಕುಟುಂಬಗಳಿವೆ; ಭಾನುವಾರದ ಆರಾಧನೆಗೆ ತಪ್ಪದೆ ಬರುವವರು ನೂರರ ಆಸುಪಾಸು. ಡಿಸೆಂಬರ್ 31ರ ರಾತ್ರಿ ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ನಿಮ್ಮಲ್ಲಿಯೂ ನಡೆಯುವಂಥದ್ದೇ. ಹತ್ತೂವರೆಗೆ ಆರಾಧನೆ ಆರಂಭವಾಗುತ್ತದೆ. ಗೀತೆ, ಸಾಕ್ಷಿ, ಸಂದೇಶಗಳಾದ ಮೇಲೆ ಹನ್ನೆರಡಕ್ಕೆ ಐದು ನಿಮಿಷವಿರುವಾಗ ಎಲ್ಲರೂ ಮೊಣಕಾಲೂರಿ ಮೌನವಾಗಿ ಪ್ರಾರ್ಥಿಸುತ್ತೇವೆ, ಗಂಟೆ ಬಾರಿಸುತ್ತದೆ, ಕರ್ತನ ಭೋಜನವಾಗುತ್ತದೆ, ಹೊರಡುವಾಗ ಬಾಗಿಲ ಬಳಿಯ ತಟ್ಟೆಯಿಂದ ಒಬ್ಬೊಬ್ಬರೂ ಒಂದೊಂದು ವಾಗ್ದಾನ ವಚನದ ಚೀಟಿಯನ್ನು ಎತ್ತಿಕೊಳ್ಳುತ್ತಾರೆ. ಕೇಕು, ಕಾಫಿ ಮುಗಿಸಿ ಒಂದು ಗಂಟೆಗೆ ಮನೆ ಸೇರಿದರೆ ಅಲ್ಲಿಗೆ ವರ್ಷ ಬದಲಾಯಿತು.

ಕಳೆದ ವರ್ಷ ನಮ್ಮ ಹಿರಿಯರೊಬ್ಬರು ಕಮಿಟಿಯಲ್ಲಿ ಒಂದು ಮಾತು ಎತ್ತಿದರು. ನಾವು ನಮ್ಮನ್ನು ಆತ್ಮಿಕ ಕುಟುಂಬವೆಂದು ಕರೆದುಕೊಳ್ಳುತ್ತೇವೆಯೇ ಹೊರತು, ಕುಟುಂಬದವರ ಹಾಗೆ ಒಟ್ಟಿಗೆ ಕುಳಿತು ಆದದ್ದನ್ನು ನೆನೆದು ಆಗಬೇಕಾದದ್ದನ್ನು ನಿಶ್ಚಯಿಸಿದ್ದು ಒಂದು ಸಾರಿಯೂ ಇಲ್ಲ ಎಂದರು. ಆ ಮಾತಿಗೆ ಎಲ್ಲರೂ ಒಪ್ಪಿದ್ದರಿಂದ ವರ್ಷದ ಕೊನೆಯ ರಾತ್ರಿ ಎಲ್ಲರಿಗೂ ಚೀಟಿ ಹಂಚಿ, ಹತ್ತು ನಿಮಿಷದಲ್ಲಿ ಹೊಸ ವರ್ಷದ ನಿರ್ಧಾರಗಳನ್ನು ಬರೆಸಿ, ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿಸಿ, ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು. ಡಬ್ಬ ವೆಸ್ಟ್ರಿಯ (ದೇವಾಲಯದ ಸಾಮಾನಿನ ಕೋಣೆಯ) ಕಪಾಟು ಸೇರಿತು. ಈ ನವೆಂಬರಿನಲ್ಲಿ ಕ್ರಿಸ್ಮಸ್ ನಕ್ಷತ್ರದ ಬಲ್ಬಿನ ಸರ ಹುಡುಕುವಾಗ ಅದು ಕೈಗೆ ಸಿಕ್ಕಿತು. ಹನ್ನೊಂದು ತಿಂಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಕಾರ್ಯದರ್ಶಿಯಾದ ನನಗೇ ನೆನಪಿರಲಿಲ್ಲ.

ಒಳಗೆ 63 ಚೀಟಿಗಳಿದ್ದವು. ಮಡಿಸಿದವುಗಳನ್ನು ನಾನು ತೆರೆಯಲಿಲ್ಲ. ಒಂದು ಮಾತ್ರ ಮಡಿಸದೆ ಮೇಲೆಯೇ ಬಿದ್ದಿತ್ತು. ಪೆನ್ಸಿಲಿನಲ್ಲಿ ದಪ್ಪ ದಪ್ಪ ಅಕ್ಷರಗಳಲ್ಲಿ "ದೊಡ್ಡಪ್ಪ ಅಪ್ಪನ ಹತ್ತಿರ ಮಾತಾಡಬೇಕು" ಎಂದು ಬರೆದಿತ್ತು. ಆ ದೊಡ್ಡಪ್ಪ ನಾನೇ ಎಂಬುದನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಜಮೀನಿನ ಒಂದು ವಿಷಯದಲ್ಲಿ ನಾಲ್ಕು ವರ್ಷಗಳಿಂದ ನಾನೂ ನನ್ನ ತಮ್ಮನೂ ಒಂದೇ ದೇವಾಲಯದಲ್ಲಿ ಎರಡು ಸಾಲಿನ ಬೆಂಚುಗಳಲ್ಲಿ ಕೂರುತ್ತೇವೆ.

ಈ ಸಲ ಡಿಸೆಂಬರಿನ ಕೊನೆಯ ಭಾನುವಾರ ಇದಕ್ಕೆಂದೇ ಒಂದೂವರೆ ಗಂಟೆ ಇಟ್ಟುಕೊಳ್ಳೋಣವೆಂದು ಸಭಾಪಾಲಕರು ಹೇಳಿದ್ದಾರೆ. ಕ್ರಮವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿರ್ಧಾರಗಳನ್ನು ಬಾಯಿಬಿಟ್ಟು ಹೇಳಿಸಬೇಕೋ, ಬರೆಸಬೇಕೋ, ಮನಸ್ಸಿನಲ್ಲಿಯೇ ಇಟ್ಟುಕೊಳ್ಳಲು ಬಿಡಬೇಕೋ ತಿಳಿಯದಾಗಿದೆ. ಅದಕ್ಕಿಂತಲೂ, ಮುಂದಿನ ನವೆಂಬರಿನಲ್ಲಿ ಇನ್ನೊಂದು ಡಬ್ಬ ಸಿಗದಂತೆ ಏನು ಮಾಡಬೇಕೆಂಬುದೇ ನನ್ನ ನಿಜವಾದ ಪ್ರಶ್ನೆ.

ಉತ್ತರ 1: ನಿವೃತ್ತ ಸಭಾಪಾಲಕ, ಮೈಸೂರು

ಸಹೋದರರೇ, ಬರೆಯುವುದಕ್ಕೆ ನೀವು ಹತ್ತು ನಿಮಿಷ ಕೊಟ್ಟಿರಿ, ಸಿದ್ಧತೆಗೆ ಒಂದು ದಿನವನ್ನೂ ಕೊಡಲಿಲ್ಲ. ನನಗೆ ಕಾಣುವ ಕೊರತೆ ಅದು. ನಮ್ಮ ಹಿಂದಿನವರು ಇದನ್ನು ಬೇರೆ ರೀತಿಯಲ್ಲಿ ಮಾಡುತ್ತಿದ್ದರು, ಮತ್ತು ಹಳೇ ಮೈಸೂರು ಸೀಮೆಯ ನಮ್ಮ ಸಭೆಗಳಿಗೆ ಅದು ಪರಕೀಯವಾದದ್ದೇನೂ ಅಲ್ಲ, ಏಕೆಂದರೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಒಂದಾಗುವ ಮುಂಚೆ ಇಲ್ಲಿಯ ಅನೇಕ ಸಭೆಗಳು ವೆಸ್ಲಿಯನ್ ಮಿಷನ್ನಿಗೆ ಸೇರಿದವುಗಳಾಗಿದ್ದವು.

ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿಯವರು 1755ರ ಆಗಸ್ಟ್ 6ರಂದು ಲಂಡನ್ನಿನ ತಮ್ಮ ಜನರ ಮುಂದೆ ದೇವರೊಂದಿಗೆ ಒಡಂಬಡಿಕೆ ಮಾಡಿಕೊಳ್ಳುವ ವಿಷಯವನ್ನು ಇಟ್ಟರು. ಅದೇ ದಿನ ಯಾರಿಂದಲೂ ಏನನ್ನೂ ಹೇಳಿಸಲಿಲ್ಲ. ಮುಂದಿನ ಕೆಲವು ಬೆಳಗ್ಗೆಗಳಲ್ಲಿ ಅದರ ಅರ್ಥವನ್ನು ವಿವರಿಸಿದರು, ಶುಕ್ರವಾರ ಅನೇಕರು ಉಪವಾಸವಿದ್ದರು, ಬಳಿಕ 11ರ ಸೋಮವಾರ ಸಂಜೆ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ದೇವಾಲಯದಲ್ಲಿ ಕೂಡಿದಾಗ ಸುಮಾರು 1800 ಜನರು ಒಪ್ಪಿಗೆಯ ಗುರುತಾಗಿ ಎದ್ದು ನಿಂತರು. ಯಾರೂ ಚೀಟಿ ಬರೆಯಲಿಲ್ಲ, ಯಾರೂ ತಮ್ಮ ತಮ್ಮ ಪಟ್ಟಿಯನ್ನು ಓದಲಿಲ್ಲ. ಎದ್ದು ನಿಲ್ಲುವುದೇ ಅವರ ಮಾತಾಗಿತ್ತು. ಮುಂದೆ ಮೆಥಡಿಸ್ಟರಲ್ಲಿ ಈ ಒಡಂಬಡಿಕೆಯ ಆರಾಧನೆ ಹೊಸ ವರ್ಷದ ಮೊದಲನೆಯ ಭಾನುವಾರದ ರೂಢಿಯಾಯಿತು. ನಮ್ಮ ಸಭೆಯ ಆರಾಧನಾ ಪುಸ್ತಕದಲ್ಲಿಯೂ ಅದರ ಕ್ರಮವಿದೆ, ನೋಡಿ. ವರ್ಷಗಟ್ಟಲೆ ಯಾರೂ ಆ ಪುಟ ತಿರುವಿರುವುದಿಲ್ಲ ಅಷ್ಟೆ.

ಆ ಕ್ರಮದ ಪ್ರಾರ್ಥನೆಯಲ್ಲಿ "ಇನ್ನು ಮೇಲೆ ನಾನು ನನ್ನವನಲ್ಲ, ನಿನ್ನವನು" ಎಂದು ಆರಂಭಿಸಿ, ನಿನಗೆ ಇಷ್ಟವಾದ ಕೆಲಸಕ್ಕೆ ನನ್ನನ್ನು ಹಚ್ಚು, ನಿನಗೆ ಇಷ್ಟವಾದವರ ಜೊತೆಗೆ ನನ್ನನ್ನು ನಿಲ್ಲಿಸು, ನಿನಗಾಗಿ ದುಡಿಸು ಇಲ್ಲವೆ ನಿನಗಾಗಿ ಬದಿಗಿರಿಸು ಎಂಬ ಅರ್ಥದಲ್ಲಿ ಮುಂದುವರಿಯುತ್ತದೆ. ನಲವತ್ತು ವರ್ಷ ಸೇವೆ ಮಾಡಿದವನಾಗಿ ಹೇಳುತ್ತೇನೆ, ನಿನಗೆ ಇಷ್ಟವಾದವರ ಜೊತೆಗೆ ನಿಲ್ಲಿಸು ಎಂಬ ಮಾತನ್ನು ಹೇಳುವುದು ಅದರ ಹಿಂದಿನ ಕೆಲಸದ ಮಾತಿಗಿಂತ ಕಷ್ಟ. ನಮ್ಮ ಪಕ್ಕದಲ್ಲಿ ಯಾರು ನಿಲ್ಲಬೇಕೆಂಬ ಆಯ್ಕೆಯನ್ನು ನಾವು ಬಿಟ್ಟುಕೊಡುವ ಮಾತು ಅದು. ನಿಮ್ಮ ಮನೆಯ ಮಗು ಬರೆದದ್ದೂ ಅದನ್ನೇ ಎಂದು ನನಗೆ ತೋರುತ್ತದೆ.

ಇದರಿಂದ ನಿಮಗೆ ನನ್ನ ಸಲಹೆ: ಕೊನೆಯ ಭಾನುವಾರದಂದು ಹಿಂದಿನದನ್ನು ಮಾತ್ರ ನೋಡಿರಿ. ಬೇಕಾದರೆ 1 ಸಮುವೇಲ 7ನೆಯ ಅಧ್ಯಾಯವನ್ನು ಓದಿ, ಸಮುವೇಲನು ಕಲ್ಲು ನಿಲ್ಲಿಸಿ ಎಬೆನೆಜೆರ್ ಎಂದು ಹೆಸರಿಟ್ಟ ಹಾಗೆ, ಇಲ್ಲಿಯ ತನಕ ದೇವರು ಸಹಾಯಮಾಡಿದ್ದನ್ನು ಹೇಳಿಕೊಳ್ಳಿರಿ. ನಿರ್ಧಾರವನ್ನು ಜನವರಿಯ ಮೊದಲನೆಯ ಭಾನುವಾರಕ್ಕೆ ಇಟ್ಟುಕೊಳ್ಳಿರಿ. ನಡುವಿನ ಏಳು ದಿನಗಳು ವ್ಯರ್ಥವಲ್ಲ. ಯೆಹೋಶುವ 24ನೆಯ ಅಧ್ಯಾಯದಲ್ಲಿ ಶೆಕೆಮ್ ಎಂಬ ಊರಿನಲ್ಲಿ ಜನರೆಲ್ಲ ಉತ್ಸಾಹದಿಂದ ಯೆಹೋವನನ್ನೇ ಸೇವಿಸುತ್ತೇವೆ ಎಂದು ಕೂಗಿದಾಗ ಯೆಹೋಶುವನು ನಿಮ್ಮಿಂದ ಅದು ಆಗದು ಎಂದು ಮೊದಲು ಎಚ್ಚರಿಸಿ, ಆಮೇಲೆಯೇ ಕಲ್ಲನ್ನು ಸಾಕ್ಷಿಯಾಗಿ ನಿಲ್ಲಿಸಿದನಲ್ಲವೇ.

ಪ್ರಸ್ತುತವಲ್ಲದಿದ್ದರೂ ಒಂದು ಮಾತು. ಮಧ್ಯರಾತ್ರಿಯ ಜಾಗರಣೆಯ ಕೂಟಗಳನ್ನು ವೆಸ್ಲಿಯವರು 1742ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದಾಗ ಅವು ಡಿಸೆಂಬರ್ 31ಕ್ಕೆ ಕಟ್ಟುಬಿದ್ದಿರಲಿಲ್ಲ; ಜನರು ನಡೆದು ಮನೆಗೆ ಹೋಗುವಾಗ ಬೆಳದಿಂಗಳಿರಲೆಂದು ತಿಂಗಳಿಗೊಮ್ಮೆ ಹುಣ್ಣಿಮೆಗೆ ಹತ್ತಿರದ ಶುಕ್ರವಾರವನ್ನು ಆರಿಸಿಕೊಳ್ಳುತ್ತಿದ್ದರು. ದೂರದ ಹಳ್ಳಿಗಳಿಂದ ಬರುವವರು ನಿಮ್ಮಲ್ಲಿಯೂ ಇರಬಹುದು. ಒಂದು ಗಂಟೆ ರಾತ್ರಿಯಲ್ಲಿ ಅವರು ಹೇಗೆ ಹಿಂದಿರುಗುತ್ತಾರೆಂದು ಕಮಿಟಿಯಲ್ಲಿ ವಿಚಾರಿಸಿರಿ.

ಉತ್ತರ 2: ಕಥೋಲಿಕ ಓದುಗರು, ಮಂಗಳೂರು

ಅಯ್ಯನವರು ಬರೆದದ್ದನ್ನು ಗೌರವದಿಂದ ಓದಿದೆ. ನಮ್ಮಲ್ಲಿ ಡಿಸೆಂಬರ್ 31ರ ಸಂಜೆ ಕೃತಜ್ಞತೆಯ ಆರಾಧನೆಯಲ್ಲಿ "ತೆ ದೇವುಂ" ಎಂಬ ಹಳೆಯ ಸ್ತೋತ್ರವನ್ನು ಹಾಡುವ ವಾಡಿಕೆಯಿದೆ. ವರ್ಷದಲ್ಲಿ ಸಾವು ಕಂಡ ಮನೆಯವರೂ, ಮಗನ ಕೆಲಸ ಹೋದ ಮನೆಯವರೂ ಅದೇ ಸ್ತೋತ್ರವನ್ನೇ ಹಾಡಬೇಕಾಗುತ್ತದೆ. ಅದು ಸುಲಭವೆಂದು ನಾನು ಹೇಳಲಾರೆ.

ನಿಮ್ಮ ಒಂದೂವರೆ ಗಂಟೆಗೆ ಯೇಸುಸಭೆಯ (ಜೆಸ್ವಿಟ್) ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೊಲಾ ಅವರು ಕಲಿಸಿದ ಆತ್ಮಶೋಧನೆಯ ಕ್ರಮ ಉಪಯೋಗಕ್ಕೆ ಬಂದೀತು. ಅದರಲ್ಲಿ ಐದು ಹಂತಗಳಿದ್ದರೂ ಮುಖ್ಯವಾದದ್ದು ಅವುಗಳ ಅನುಕ್ರಮ. ಮೊದಲು ಪಡೆದದ್ದಕ್ಕೆ ವಂದನೆ; ಆಮೇಲೆ ತನ್ನನ್ನು ತಾನು ಸರಿಯಾಗಿ ಕಾಣಲು ಬೆಳಕಿಗಾಗಿ ಬೇಡಿಕೆ; ಅನಂತರ ಕಳೆದ ಸಮಯವನ್ನು ಗಂಟೆಗಂಟೆಯಾಗಿ ನೋಡುವುದು; ಅದಾದ ಮೇಲೆ ಕ್ಷಮೆ; ತಿದ್ದಿಕೊಳ್ಳುವ ಸಂಕಲ್ಪ ಎಲ್ಲಕ್ಕಿಂತ ಕೊನೆಗೆ. ನಾವು ಸಾಮಾನ್ಯವಾಗಿ ಮಾಡುವುದು ತಲೆಕೆಳಗು: ಸಂಕಲ್ಪದಿಂದಲೇ ಆರಂಭಿಸುತ್ತೇವೆ, ಆದಕಾರಣ ಅದರ ಕೆಳಗೆ ನೆಲವೇ ಇರುವುದಿಲ್ಲ. ಇಡೀ ವರ್ಷವನ್ನು ಒಂದೇ ಸಾರಿ ನೆನೆಯಿರಿ ಎಂದರೆ ಜನರಿಗೆ ಮದುವೆ, ಆಸ್ಪತ್ರೆ ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ನಮ್ಮ ಧರ್ಮಕೇಂದ್ರದ ಒಂದು ಚಿಕ್ಕ ಗುಂಪಿನಲ್ಲಿ ಹಳೆಯ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟು ತಿಂಗಳು ತಿಂಗಳಾಗಿ ಹಾಳೆ ತಿರುವುತ್ತ ಹೋದೆವು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಯಾರದೋ ಡಾಕ್ಟರ ಭೇಟಿಯ ಸಮಯ, ಎಲ್ಲವೂ ಅದರಲ್ಲಿಯೇ ಗುರುತಾಗಿತ್ತು. ಜೂನ್ ತಿಂಗಳ ಹಾಳೆಯಲ್ಲಿ ಒಂದು ಫೋನ್ ನಂಬರನ್ನು ನೋಡಿದ ಮಹಿಳೆಯೊಬ್ಬರು, ಕರೆ ಮಾಡುತ್ತೇನೆಂದು ಹೇಳಿ ಮಾಡದೆಯೇ ಉಳಿದದ್ದನ್ನು ನೆನೆದು ಅಲ್ಲಿಯೇ ಅತ್ತರು.

ಬಾಯಿಬಿಟ್ಟು ಹೇಳಿಸುವ ವಿಷಯದಲ್ಲಿ ನನಗೆ ಹಿಂಜರಿಕೆಯಿದೆ. ಪಾಪನಿವೇದನೆಯನ್ನು ಗುರುಗಳ ಕಿವಿಗೆ ಮಾತ್ರ ಹೇಳಿ ರೂಢಿಯಾದ ನಮಗೆ ಅದು ಸಹಜವಿರಬಹುದು. ಆದರೂ ಊರು ಚಿಕ್ಕದಿದ್ದಲ್ಲಿ ಸಭೆಯ ಮುಂದೆ ಹೇಳಿದ ಮಾತು ಸೋಮವಾರದ ಸಂತೆಗೆ ತಲುಪದೆ ಇರುವುದಿಲ್ಲ. ಕೃತಜ್ಞತೆಯನ್ನು ಎಲ್ಲರ ಮುಂದೆ ಹೇಳಲಿ, ತಪ್ಪನ್ನು ದೇವರ ಮುಂದೆಯೂ ಅದಕ್ಕೆ ಸಂಬಂಧಪಟ್ಟ ಒಬ್ಬರ ಮುಂದೆಯೂ ಹೇಳಲಿ.

ಉತ್ತರ 3: ಧಾರವಾಡದವನು

ಬಾಸೆಲ್ ಮಿಷನ್ನಿನ ಹಿನ್ನೆಲೆಯ ಮನೆಯಲ್ಲಿ ಬೆಳೆದವನಾದ ನನಗೆ ಹೊಸ ವರ್ಷದ ನಿರ್ಧಾರಗಳ ಬಗ್ಗೆಯೇ ಸಂಶಯವಿದೆ, ಆದ್ದರಿಂದ ಕೊಂಚ ಭಿನ್ನವಾಗಿ ಬರೆಯುತ್ತಿದ್ದೇನೆ. ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹರಕೆ ಹೊರದೆ ಇರುವುದೇ ಲೇಸೆಂದು ಪ್ರಸಂಗಿ 5ನೆಯ ಅಧ್ಯಾಯ ಹೇಳುತ್ತದೆ. ಮುಂದಿನ ವರ್ಷ ಇಂಥ ಊರಿಗೆ ಹೋಗಿ ಇಷ್ಟು ಲಾಭ ಮಾಡುತ್ತೇವೆ ಎನ್ನುವವರನ್ನು ಯಾಕೋಬನ ಪತ್ರಿಕೆ ತಡೆದು, ಕರ್ತನ ಚಿತ್ತವಾದರೆ ಎಂದು ಸೇರಿಸಿಕೊಳ್ಳಿರಿ ಅನ್ನುತ್ತದೆ. ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಹರೆಯದಲ್ಲಿ, 1722ರಿಂದ 1723ರ ತನಕ, ತನಗಾಗಿ 70 ನಿರ್ಧಾರಗಳನ್ನು ಬರೆದುಕೊಂಡದ್ದನ್ನು ಬೋಧಕರು ಆಗಾಗ ಉದಾಹರಿಸುತ್ತಾರೆ. ದೇವರ ಸಹಾಯವಿಲ್ಲದೆ ತನ್ನಿಂದ ಏನೂ ಆಗದೆಂದು ಅವನು ಪಟ್ಟಿಯ ತಲೆಯಲ್ಲಿಯೇ ಬರೆದದ್ದನ್ನೂ, ವಾರಕ್ಕೊಮ್ಮೆ ಇಡೀ ಪಟ್ಟಿಯನ್ನು ಓದಬೇಕೆಂದು ತನಗೆ ತಾನೇ ವಿಧಿಸಿಕೊಂಡದ್ದನ್ನೂ ಅವರು ಹೇಳುವುದು ಕಡಿಮೆ. ನಿಮ್ಮ ಡಬ್ಬವನ್ನು ವಾರಕ್ಕೊಮ್ಮೆ ತೆರೆದಿದ್ದರೆ 63 ಚೀಟಿಗಳೂ ಬೇರೆಯೇ ಆಗಿರುತ್ತಿದ್ದವು.

ಹಾಗಾದರೆ ತೆರೆಯುವವರು ಯಾರು? ಇದಕ್ಕೆ ಉತ್ತರ ಅಯ್ಯನವರು ಹೇಳಿದ ವೆಸ್ಲಿಯವರಲ್ಲಿಯೇ ಇದೆ, ಅಯ್ಯನವರು ಅದನ್ನು ಹೇಳದೆ ಬಿಟ್ಟರು. 1742ರ ಫೆಬ್ರವರಿಯಲ್ಲಿ ಬ್ರಿಸ್ಟಲಿನ ಕೂಟದ ಕಟ್ಟಡದ ಸಾಲವನ್ನು ತೀರಿಸುವುದು ಹೇಗೆಂಬ ಚರ್ಚೆ ನಡೆಯುತ್ತಿದ್ದಾಗ, ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದರು. ಬಡವರಿಗೆ ಅದೂ ಆಗದೆಂದು ಆಕ್ಷೇಪ ಬಂದಾಗ, ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿರಿ, ಅವರಿಂದ ಆಗದಿದ್ದದ್ದನ್ನು ನಾನೇ ತುಂಬುತ್ತೇನೆ ಎಂದು ಅದೇ ವ್ಯಕ್ತಿ ಹೇಳಿದರು. ಹೀಗೆ ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾದವು. ಕಾಸು ಕೇಳಲು ವಾರವಾರವೂ ಮನೆಗೆ ಹೋದವರಿಗೆ ಒಂದು ಮನೆಯಲ್ಲಿ ಕುಡಿತ, ಇನ್ನೊಂದು ಮನೆಯಲ್ಲಿ ಜಗಳ ಕಣ್ಣಿಗೆ ಬಿತ್ತು. ಕಾಸು ವಸೂಲಿ ಮಾಡುವವರು ಆತ್ಮದ ಕ್ಷೇಮವನ್ನು ವಿಚಾರಿಸುವವರಾದರು. ಸಾಲ ವಸೂಲಿಯ ವ್ಯವಸ್ಥೆಯಿಂದ ಇಂಥದ್ದು ಹುಟ್ಟಿತೆಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ.

ಆದಕಾರಣ ನಿಮ್ಮ ಸಭೆಯವರನ್ನು ಎಂಟು ಹತ್ತು ಮಂದಿಯ ಗುಂಪುಗಳಾಗಿ ಮಾಡಿರಿ, ಗುಂಪಿಗೊಬ್ಬರು ವಿಚಾರಿಸುವವರಿರಲಿ, ತಿಂಗಳಿಗೊಮ್ಮೆಯಾದರೂ ಅವರು ಮನೆಗೆ ಹೋಗಲಿ. ವಾಟ್ಸಾಪಿನಲ್ಲಿ ವಿಚಾರಿಸಿದರೆ ಸಾಲದು. ಅಲ್ಲಿ ಕೈಮುಗಿದ ಒಂದು ಚಿತ್ರ ಕಳಿಸಿ ಎಲ್ಲರೂ ಪಾರಾಗುತ್ತಾರೆ.

ಇಡೀ ಸಭೆಯ ಹೆಸರಿನಲ್ಲಿ ನಿರ್ಧಾರ ಒಂದೇ ಇರಲಿ, ಹೆಚ್ಚೆಂದರೆ ಎರಡು. ಲೂಕ 13ರಲ್ಲಿ ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರಕ್ಕೆ ಇನ್ನೊಂದು ವರ್ಷ ಸಿಕ್ಕಿತು. ಹಣ್ಣು ಕೊಡುತ್ತೇನೆಂದು ಮರ ಮಾತು ಕೊಟ್ಟದ್ದರಿಂದ ಆ ವರ್ಷ ಸಿಗಲಿಲ್ಲ. ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆಂದು ತೋಟಗಾರನು ಹೇಳಿದ್ದರಿಂದ ಸಿಕ್ಕಿತು. "ಸಭೆಯವರೆಲ್ಲರೂ ಪ್ರೀತಿಯಿಂದಿರಬೇಕು" ಎಂಬುದು ಹಣ್ಣಿನ ಮಾತು. "ಪ್ರತಿ ತಿಂಗಳ ಎರಡನೆಯ ಶನಿವಾರ ಹಾಸಿಗೆ ಹಿಡಿದವರ ಮನೆಗೆ ಇಬ್ಬರು ಹೋಗಬೇಕು" ಎಂಬುದು ಗೊಬ್ಬರದ ಮಾತು.

ಉತ್ತರ 4: ಭಾನುವಾರ ಶಾಲೆಯ ಶಿಕ್ಷಕಿ, ಬೆಂಗಳೂರು

ಧಾರವಾಡದ ಸಹೋದರರ ಗುಂಪಿನ ಮಾತು ಒಪ್ಪುವಂಥದ್ದೇ, ಆದರೆ ದಯವಿಟ್ಟು ಆ ಗುಂಪುಗಳನ್ನು ಕುಟುಂಬವಾರಾಗಿ ಮಾಡಬೇಡಿರಿ. ಕಾರ್ಯದರ್ಶಿಯವರೇ 42 ಕುಟುಂಬಗಳೆಂದು ಲೆಕ್ಕ ಕೊಟ್ಟಿದ್ದಾರೆ. ಆ ಲೆಕ್ಕದಲ್ಲಿ ಹಾಸ್ಟೆಲಿನ ಹುಡುಗಿ, ಪಿಜಿಯಲ್ಲಿರುವ ನರ್ಸ್, ಮಕ್ಕಳಿಲ್ಲದ ವಿಧವೆ, ಮನೆಯವರು ಬೇರೆ ದೇವರನ್ನು ಪೂಜಿಸುವಾಗ ತಾನೊಬ್ಬಳೇ ದೇವಾಲಯಕ್ಕೆ ಬರುವವಳು, ಇವರೆಲ್ಲರೂ ಎಲ್ಲಿ ಬರುತ್ತಾರೆ? ಆತ್ಮಿಕ ಕುಟುಂಬವೆಂಬ ಮಾತು ಯಾರಿಗೆ ನಿಜವಾಗಿ ಬೇಕಾಗಿದೆಯೋ ಅವರೇ "ಪ್ರತಿ ಕುಟುಂಬದವರೂ ಮುಂದೆ ಬರಲಿ" ಎಂದಾಗ ಬೆಂಚಿನಲ್ಲಿಯೇ ಉಳಿಯುತ್ತಾರೆ. ನಾನೂ ಒಂಬತ್ತು ವರ್ಷ ಹಾಗೆ ಉಳಿದವಳು.

ಮಕ್ಕಳ ವಿಷಯದಲ್ಲಿ ಎರಡು ಮಾತು. ಮಕ್ಕಳಿಂದ ನಿರ್ಧಾರ ಬರೆಸಿದರೆ "ಸುಳ್ಳು ಹೇಳುವುದಿಲ್ಲ, ಚೆನ್ನಾಗಿ ಓದುತ್ತೇನೆ" ಎಂದು ದೊಡ್ಡವರು ಕೇಳಬಯಸುವುದನ್ನೇ ಬರೆಯುತ್ತವೆ. ನಿಮ್ಮ ತಮ್ಮನವರ ಮಗು ಹಾಗೆ ಬರೆಯಲಿಲ್ಲ; ತನ್ನ ನಿರ್ಧಾರವನ್ನು ಕೇಳಿದಾಗ ನಿಮ್ಮ ನಿರ್ಧಾರವನ್ನು ಬರೆಯಿತು. ನಾನು ಆ ಚೀಟಿಯನ್ನು ಒಬ್ಬ ಶಿಕ್ಷಕಿಯಾಗಿ ಓದುತ್ತಿದ್ದೇನೆ: ಅದು ಮಡಿಸದೆ ಮೇಲೆ ಬಿದ್ದಿದ್ದದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ, ಈ ವರ್ಷ ನಮ್ಮ ದೇವಾಲಯದಲ್ಲಿ ನಿನಗೆ ಬೇಸರವಾದದ್ದು ಯಾವಾಗ ಎಂಬುದು. ಉತ್ತರ ಕೇಳಲು ಹಿರಿಯರು ತಯಾರಿಲ್ಲದಿದ್ದರೆ ಕೇಳದಿರುವುದೇ ಮೇಲು.

ಇನ್ನೊಂದು: ಒಡಂಬಡಿಕೆಯ ಪ್ರಾರ್ಥನೆಯಲ್ಲಿ "ನಿನಗಾಗಿ ಬದಿಗಿರಿಸು" ಎಂಬ ಮಾತಿದೆಯೆಂದು ಅಯ್ಯನವರು ಬರೆದಿದ್ದಾರೆ. ಲಕ್ವ ಹೊಡೆದು ಮಲಗಿರುವ ನಮ್ಮ ತಾಯಿಯವರಿಗೆ ಅದನ್ನು ಓದಿ ಹೇಳಿದೆ. ಇನ್ನೊಂದು ಸಾರಿ ಓದು ಎಂದರು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳ ಪ್ರತಿಯನ್ನು ತೆಗೆದುಕೊಂಡು ಹೋಗಿ ಸಭಾಪಾಲಕರ ಜೊತೆಗೆ ಕುಳಿತು ಮಾತಾಡಿದೆ. ಕೊನೆಯ ಭಾನುವಾರ ಹಳೆಯ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಹನ್ನೆರಡು ತಿಂಗಳನ್ನೂ ನೋಡುವುದು, ಜನವರಿಯ ಮೊದಲನೆಯ ಭಾನುವಾರ ಒಡಂಬಡಿಕೆಯ ಕ್ರಮವನ್ನು ನಡೆಸಿ ಎದ್ದು ನಿಲ್ಲುವುದು ಎಂದು ಗೊತ್ತುಮಾಡಿದ್ದೇವೆ. ಸಭೆಯ ನಿರ್ಧಾರ ಒಂದೇ: ದೇವಾಲಯಕ್ಕೆ ಬರಲಾಗದ ಹನ್ನೊಂದು ಮಂದಿಯಲ್ಲಿ ಒಬ್ಬರನ್ನೂ ತಿಂಗಳಿಡೀ ಕಾಣದೆ ಬಿಡುವುದಿಲ್ಲ. ಗುಂಪುಗಳನ್ನು ಬೀದಿವಾರಾಗಿ ಮಾಡುತ್ತಿದ್ದೇವೆ. ಪಟ್ಟಿ ಬರೆಯಲು ಕುಳಿತಾಗ, ಕುಟುಂಬಗಳ ದಾಖಲೆಯಲ್ಲಿ ಹೆಸರೇ ಇಲ್ಲದ ಏಳು ಮಂದಿ ಪ್ರತಿ ವಾರ ಆರಾಧನೆಗೆ ಬರುತ್ತಿರುವುದು ಗೊತ್ತಾಯಿತು. ಶಿಕ್ಷಕಿಯವರಿಗೆ ಇದನ್ನು ಹೇಳಲೇಬೇಕೆನಿಸಿತು. ಮಕ್ಕಳಿಗೆ ಕೇಳಬೇಕಾದ ಪ್ರಶ್ನೆಯನ್ನು ಈ ಸಲ ಸೇರಿಸಿಲ್ಲ. ಕಮಿಟಿಯಲ್ಲಿ ಇಬ್ಬರು ಒಪ್ಪಲಿಲ್ಲ.

ಉಳಿದ 62 ಚೀಟಿಗಳನ್ನು ಬರೆದವರೇ ಗುರುತಿಸಿ ತೆಗೆದುಕೊಳ್ಳಲೆಂದು ಡಬ್ಬವನ್ನು ಬಾಗಿಲ ಬಳಿ ಇಟ್ಟಿದ್ದೇನೆ. ಇಲ್ಲಿಯ ತನಕ ಹದಿನಾಲ್ಕು ಹೋಗಿವೆ.

ನನ್ನ ಚೀಟಿ ನನ್ನ ಅಂಗಿಯ ಜೇಬಿನಲ್ಲಿದೆ. ಈ ಶನಿವಾರ ತಮ್ಮನ ಮನೆಗೆ ಹೋಗುತ್ತೇನೆಂದು ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬರಿಗೈಯಲ್ಲಿ ಹೋಗುವುದು ಬೇಡ, ಅಕ್ಕಿ ನೆನೆಹಾಕುತ್ತೇನೆ, ಕಜ್ಜಾಯ ಮಾಡಿಕೊಡುತ್ತೇನೆ ಎಂದಳು.